ಹೊಸ ಪಾರ್ಟಿ ಬಂದಾಗ ಕಾಗದ ಕಂಪ್ಯೂಟರ್ ಕೇಳ್ಲಿ, ಓಟಿಪಿ ಮಾತ್ರ ಅವರ ಕೈಯಲ್ಲೇ ಇರ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಣ್ಣ ವ್ಯಾಪಾರಸ್ಥರೂ ಆಟೊಮೇಶನ್ ಮಾಡ್ಕೋಬೇಕು, ಇಲ್ಲಾಂದ್ರೆ ಹಿಂದೆ ಬೀಳ್ತಾರೆ ಅಂತ ಈಗ ಎಲ್ಲಾ ಕಡೆ ಬರೀತಿದಾರೆ, ಪತ್ರಿಕೆಗಳ ವಾಣಿಜ್ಯ ಪುಟದಲ್ಲೂ ಆಗಾಗ ಬರುತ್ತೆ, ಆದ್ರೆ ಅದನ್ನ ಓದಿದ್ಮೇಲೆ ನಾಳೆ ಬೆಳಿಗ್ಗೆ ಬಾಗಿಲು ತೆಗೆದು ಏನು ಮಾಡ್ಬೇಕು ಅನ್ನೋದು ಸಿಗಲ್ಲ. ನಾನು ದಾವಣಗೆರೆಯಲ್ಲಿ ಜಿಎಸ್‌ಟಿ ಪ್ರಾಕ್ಟೀಷನರ್, ಅಂದ್ರೆ ವ್ಯಾಪಾರಸ್ಥರ ಪರವಾಗಿ ಜಿಎಸ್‌ಟಿ ಕೆಲಸ ಮಾಡಿಕೊಡೋನು, ಸಣ್ಣ ಆಫೀಸು, ಮಂಡಿ ಅಂಗಡಿ, ಬೇಕರಿ, ಬಟ್ಟೆ ಅಂಗಡಿ, ಹಾರ್ಡ್‌ವೇರ್ ಇಂಥವ್ರ ಲೆಕ್ಕ ನೋಡ್ಕೊಳ್ತೀವಿ. ಹೊಸ ಪಾರ್ಟಿ, ಅಂದ್ರೆ ಹೊಸ ಗಿರಾಕಿ, ಬಂದಾಗ ಅವರ ಫೈಲ್ ಓಪನ್ ಮಾಡೋ ಕೆಲಸ ಇದೆಯಲ್ಲ, ಅದನ್ನ ನಾವು ಸಾಕಷ್ಟು ಮಟ್ಟಿಗೆ ಕಂಪ್ಯೂಟರ್‌ಗೆ ವಹಿಸಿದೀವಿ. ಅದ್ರಲ್ಲಿ ಯಾವುದು ನಡೀತು, ಯಾವುದನ್ನ ಮುಟ್ಟಬಾರ್ದು ಅಂತ ನಂಗೆ ಗಟ್ಟಿಯಾಗಿ ಅನ್ಸಿದ್ದನ್ನ ಹೇಳೋಕೆ ಈ ಪತ್ರ. ಸ್ವಲ್ಪ ಉದ್ದ ಆಗ್ಬಹುದು, ದಯವಿಟ್ಟು ಕತ್ತರಿ ಹಾಕೋದಾದ್ರೆ ಕೊನೇ ಭಾಗ ಉಳಿಸ್ಕೊಳಿ.

2025ರ ಜುಲೈ ನಿಮಗೆ ನೆನಪಿರುತ್ತೆ. ಯುಪಿಐಲಿ ಬಂದ ದುಡ್ಡಿನ ಲೆಕ್ಕ ಹಿಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸ್ತು, ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಮಾರೋರು ಯಾರನ್ನೂ ಬಿಡ್ಲಿಲ್ಲ, ಕ್ಯೂಆರ್ ಕೋಡ್ ಕಿತ್ತಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ಆಮೇಲೆ ಸರ್ಕಾರ ವರ್ತಕರನ್ನ ಕರೆಸಿ ಮಾತಾಡಿ ಸಮಾಧಾನ ಹೇಳ್ತು, ಜಿಎಸ್‌ಟಿ ರಿಜಿಸ್ಟ್ರೇಶನ್ ಮಾಡಿಸ್ಕೊಳಿ ಅಂತು. ಆಗ ಅಲ್ಲೀವರ್ಗೂ ಅಕೌಂಟೆಂಟ್ ಆಫೀಸ್ ಮೆಟ್ಲು ಹತ್ತದೇ ಇದ್ದ ಜನ ಎಲ್ಲಾ ಒಟ್ಟಿಗೆ ಬಂದ್ರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದ್ರಲ್ಲಿ ಆಧಾರ್ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕು, ಯಾವತ್ತಿಂದೋ ಕರೆಂಟ್ ಬಿಲ್ಲು, ಮುಖದಲ್ಲಿ ಭಯ. ತರಕಾರಿ ಮಾತ್ರ ಮಾರೋರಿಗೆ ರಿಜಿಸ್ಟ್ರೇಶನ್ನೇ ಬೇಕಿಲ್ಲ, ಯಾಕಂದ್ರೆ ಅದು ತೆರಿಗೆ ಇಲ್ಲದ ಮಾಲು, ಆದ್ರೆ ಅದನ್ನ ಅವರಿಗೆ ಹೇಳೋರು ಯಾರು? ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟಿದ್ರೆ ರಿಜಿಸ್ಟ್ರೇಶನ್ ಅನ್ನೋ ಸರಳ ವಿಷಯ ಎಷ್ಟೋ ಜನಕ್ಕೆ ಆವಾಗ್ಲೇ ಮೊದಲ ಸಲ ಗೊತ್ತಾಗಿದ್ದು.

ಹೊಸ ಪಾರ್ಟಿ ಫೈಲ್ ಓಪನ್ ಮಾಡೋದು ಅಂದ್ರೆ ಹೊರಗಿನವ್ರಿಗೆ ಒಂದು ದಿನದ ಕೆಲಸ ಅನ್ಸುತ್ತೆ. ಕಾಗದ ಎಲ್ಲಾ ಇದ್ರೆ ಒಂದೆರಡು ಗಂಟೆ ಕೆಲಸ ನಿಜ. ಆದ್ರೆ ಕಾಗದ ಯಾವತ್ತೂ ಒಟ್ಟಿಗೆ ಬರಲ್ಲ. ಇವತ್ತು ಪ್ಯಾನ್ ಬರುತ್ತೆ, ನಾಲ್ಕು ದಿನ ಬಿಟ್ಟು ವಾಟ್ಸಪ್‌ಲಿ ಬಾಡಿಗೆ ಕರಾರಿನ ಒಂದೇ ಪುಟದ ಫೋಟೊ ಬರುತ್ತೆ, ಅದೂ ಅರ್ಧ ನೆರಳು, ಕರೆಂಟ್ ಬಿಲ್ ಕೇಳಿದ್ರೆ ಮಾಲೀಕರು ಊರಲ್ಲಿಲ್ಲ ಅಂತಾರೆ. ಅಷ್ಟರಲ್ಲಿ ಜಿಎಸ್‌ಟಿ ಪೋರ್ಟಲ್‌ಲಿ ಅರ್ಜಿಯ ಮೊದಲ ಭಾಗ ತುಂಬಿ ತಗೊಂಡ ಟಿಆರ್‌ಎನ್ ಅನ್ನೋ ತಾತ್ಕಾಲಿಕ ನಂಬರ್ 15 ದಿನಕ್ಕೆ ಸತ್ತೋಗುತ್ತೆ, ಮತ್ತೆ ಮೊದಲಿಂದ ಶುರು. ಅರ್ಜಿ ಹೋದ್ಮೇಲೆ ಅಧಿಕಾರಿ ಏನಾದ್ರೂ ಪ್ರಶ್ನೆ ಕೇಳಿದ್ರೆ 7 ಕೆಲಸದ ದಿನದೊಳಗೆ ಉತ್ತರ ಕೊಡ್ಬೇಕು, ಕೊಡದಿದ್ರೆ ಅರ್ಜಿ ತಿರಸ್ಕಾರ. ಈ ಎಲ್ಲಾ ಓಡಾಟದಲ್ಲಿ ಆಫೀಸಿನವ್ರ ಟೈಮ್ ಹೋಗೋದು ಒಂದು ಕಡೆ, ಅಂಗಡಿಯವ್ರು ಗಲ್ಲಾ ಬಿಟ್ಟು ಪದೇ ಪದೇ ಬಂದು ಹೋಗ್ತಾರಲ್ಲ, ಆ ನಷ್ಟನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇದಕ್ಕೆ ನಾವು ದೊಡ್ಡ ಸಾಫ್ಟ್‌ವೇರ್ ಏನೂ ತಗೊಳ್ಲಿಲ್ಲ. ಮಾರೋಕೆ ಬಂದವ್ರು ಬಹಳ ಜನ, ತಿಂಗಳಿಗಿಷ್ಟು ಅಂತ ಕಟ್ಬೇಕು, ಎಲ್ಲಾ ಇಂಗ್ಲಿಷ್‌ಲೇ, ನಮ್ಮ ಪಾರ್ಟಿಗಳು ಅದನ್ನ ತೆಗೆದೂ ನೋಡಲ್ಲ. ಗೂಗಲ್ ಫಾರ್ಮ್‌ಲಿ ಕನ್ನಡದಲ್ಲೇ ಪ್ರಶ್ನೆ ಬರೆದ್ವಿ. ಅದ್ರಲ್ಲಿ ಒಂದು ಅನುಕೂಲ ಏನಂದ್ರೆ, ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆ ಬದಲಾಗೋ ಹಾಗೆ ಮಾಡ್ಬಹುದು. ಅಂಗಡಿ ಸ್ವಂತದ್ದೋ ಬಾಡಿಗೆದೋ ಅಂತ ಕೇಳುತ್ತೆ, ಬಾಡಿಗೆ ಅಂದ್ರೆ ಕರಾರು ಮತ್ತು ಮಾಲೀಕರ ಬೆಸ್ಕಾಂ ಬಿಲ್ಲು ಕೇಳುತ್ತೆ, ಸ್ವಂತ ಅಂದ್ರೆ ಕಂದಾಯ ಕಟ್ಟಿದ ರಸೀದಿ ಕೇಳುತ್ತೆ, ಅಪ್ಪನ ಹೆಸರಲ್ಲಿದೆ ಅಂದ್ರೆ ಅಪ್ಪನ ಒಪ್ಪಿಗೆ ಪತ್ರ ಬೇಕು ಅಂತ ಹೇಳಿ ಅದ್ರ ನಮೂನೆನೂ ಅಲ್ಲೇ ಕೊಡುತ್ತೆ. ಒಬ್ಬರೇ ಮಾಲೀಕರೋ, ಪಾಲುದಾರಿಕೆಯೋ, ಕೂಡು ಕುಟುಂಬವೋ, ಅದ್ರ ಮೇಲೆ ಬೇರೆ ಪ್ರಶ್ನೆ. ಇಷ್ಟೇ ಮಾಡಿದ್ದಕ್ಕೆ ಬೇಡದ ಕಾಗದ ಕೇಳೋದು ನಿಂತೋಯ್ತು, ಮೊದಲು ಎಲ್ರಿಗೂ ಒಂದೇ ಉದ್ದ ಪಟ್ಟಿ ಕೊಡ್ತಿದ್ವಿ, ಅದನ್ನ ನೋಡಿನೇ ಜನ ಹೆದರ್ತಿದ್ರು.

ತಪ್ಪು ನಂಬರ್ ಹಿಡಿಯೋ ವಿಷಯ ಇನ್ನೂ ಚೆನ್ನಾಗಿದೆ, ಇದನ್ನ ಬೇರೆ ಆಫೀಸಿನವ್ರು ಖಂಡಿತ ಮಾಡ್ಬೇಕು. ಪ್ಯಾನ್ ನಂಬರ್‌ಗೆ ಒಂದು ಕಟ್ಟು ಇದೆ, ಐದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಅದ್ರಲ್ಲಿ ನಾಲ್ಕನೇ ಅಕ್ಷರ ಯಾರದು ಅಂತ ಹೇಳುತ್ತೆ, 'ಪಿ' ಅಂದ್ರೆ ವ್ಯಕ್ತಿ, 'ಎಫ್' ಅಂದ್ರೆ ಪಾಲುದಾರಿಕೆ ಸಂಸ್ಥೆ, 'ಎಚ್' ಅಂದ್ರೆ ಹಿಂದೂ ಅವಿಭಕ್ತ ಕುಟುಂಬ, 'ಸಿ' ಅಂದ್ರೆ ಕಂಪನಿ. ಪಾಲುದಾರಿಕೆ ಅಂತ ಟಿಕ್ ಮಾಡಿ 'ಪಿ' ಇರೋ ಪ್ಯಾನ್ ಹಾಕಿದ್ರೆ ಏನೋ ಎಡವಟ್ಟಾಗಿದೆ ಅಂತ ಫಾರ್ಮೇ ಅಲ್ಲಿ ತಡೆಯುತ್ತೆ, ಹೆಚ್ಚಾಗಿ ಸಂಸ್ಥೆ ಪ್ಯಾನ್ ಬದಲು ಪಾಲುದಾರರಲ್ಲಿ ಒಬ್ಬರ ಪ್ಯಾನ್ ಹಾಕಿರ್ತಾರೆ. ಈಗಾಗ್ಲೇ ಜಿಎಸ್‌ಟಿ ನಂಬರ್ ಇದ್ದು ಬೇರೆ ಕಡೆಯಿಂದ ನಮ್ಮಲ್ಲಿಗೆ ಬರೋರದ್ದಾದ್ರೆ, ಆ 15 ಅಕ್ಷರದ ನಂಬರ್‌ಲಿ ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29, ಮುಂದಿನ ಹತ್ತು ಅವರ ಪ್ಯಾನೇ. ಎರಡನ್ನೂ ಫಾರ್ಮ್‌ನ ಉತ್ತರ ಬಂದು ಕೂರೋ ಗೂಗಲ್ ಶೀಟ್‌ಲಿ ಒಂದು ಫಾರ್ಮುಲಾ ಹಾಕಿ ತಾಳೆ ನೋಡಿದ್ರೆ ಮುಗೀತು. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್‌ಲಿ ಐದನೇದು ಯಾವಾಗ್ಲೂ ಸೊನ್ನೆ, ಜನ ಅಲ್ಲಿ 'ಓ' ಅಕ್ಷರ ಹೊಡೀತಾರೆ, ಅದನ್ನೂ ಹಿಡಿಬಹುದು. ಇಂಥವು ಮನುಷ್ಯ ಕಣ್ಣಲ್ಲಿ ನೋಡಿ ಹಿಡಿಯೋ ಕೆಲಸ ಅಲ್ವೇ ಅಲ್ಲ, ರಾತ್ರಿ ಎಂಟು ಗಂಟೆಗೆ ಸುಸ್ತಾದ ಹುಡುಗಿ ಕೈಲಿ ಅದನ್ನ ಮಾಡಿಸೋದು ಅನ್ಯಾಯ.

ಆದ್ರೆ ಹೆಸರಿನ ವಿಷಯಕ್ಕೆ ಬಂದ್ರೆ ಕಂಪ್ಯೂಟರ್ ಕೈಚೆಲ್ಲುತ್ತೆ. ನಮ್ಮ ಕಡೆ ಹೆಸರು ಹೇಗಿರುತ್ತೆ ಹೇಳಿ, ಆಧಾರ್‌ಲಿ ಮಂಜುನಾಥ ಎಚ್, ಪ್ಯಾನ್‌ಲಿ ಆ ಇನಿಶಿಯಲ್ ಬಿಡಿಸಿ ಹನುಮಂತಪ್ಪ ಮಂಜುನಾಥ, ಬ್ಯಾಂಕ್‌ಲಿ ಎಚ್ ಮಂಜಣ್ಣ, ಬಾಡಿಗೆ ಕರಾರಿನಲ್ಲಿ ಊರ ಹೆಸರೂ ಸೇರ್ಕೊಂಡಿರುತ್ತೆ. ನಾಲ್ಕೂ ಒಬ್ಬರೇ ಅಂತ ಓಣಿಯಲ್ಲಿರೋರಿಗೆಲ್ಲ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ಉತ್ತರ ಭಾರತದ ಹೆಸರು-ಅಡ್ಡಹೆಸರು ಲೆಕ್ಕದಲ್ಲಿ ಮಾಡಿದ ಖಾನೆಗಳಿಗೆ ನಮ್ಮ ಹೆಸರು ಕೂರಲ್ಲ. ಅದಕ್ಕೆ ನಾವು ಫಾರ್ಮ್‌ಲಿ ಹೆಸರು ಒಂದೇ ಸಲ ಕೇಳಲ್ಲ, ಪ್ಯಾನ್‌ಲಿ ಹೇಗಿದೆ, ಆಧಾರ್‌ಲಿ ಹೇಗಿದೆ, ಪಾಸ್‌ಬುಕ್‌ಲಿ ಹೇಗಿದೆ ಅಂತ ಬೇರೆ ಬೇರೆ ಕೇಳ್ತೀವಿ, ಮೂರು ಹೊಂದದಿದ್ರೆ ಶೀಟ್‌ಲಿ ಆ ಸಾಲು ಕೆಂಪಾಗುತ್ತೆ, ಅಷ್ಟೇ. ಆಮೇಲೆ ಯಾವುದನ್ನ ತಿದ್ದಿಸ್ಬೇಕು ಅನ್ನೋದು ಕೂತು ಮಾತಾಡೋ ವಿಷಯ. ಅರ್ಜಿ ಹಾಕೋಕೆ ಮುಂಚೆನೇ ಇದು ಗೊತ್ತಾದ್ರೆ ಎಷ್ಟು ತಲೆನೋವು ತಪ್ಪುತ್ತೆ ಅಂತ ಈ ಕೆಲಸ ಮಾಡೋರಿಗೇ ಗೊತ್ತು.

ಫಾರ್ಮ್ ತುಂಬಿದ ತಕ್ಷಣ ಪಾರ್ಟಿ ಹೆಸರಲ್ಲಿ ಗೂಗಲ್ ಡ್ರೈವ್‌ಲಿ ಫೋಲ್ಡರ್ ಆಗುತ್ತೆ, ಯಾವ ಕಾಗದ ಬಂದಿದೆ ಯಾವುದು ಬಾಕಿ ಅಂತ ಶೀಟ್‌ಲಿ ಬರುತ್ತೆ, ಬಾಕಿ ಇದ್ರೆ ಇಮೇಲ್‌ಲಿ ಜ್ಞಾಪನೆ ಹೋಗುತ್ತೆ, ಬಂದ್ಮೇಲೆ ನಿಲ್ಲುತ್ತೆ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ ಅಂತ ಇದೆ, ಅದ್ರಲ್ಲಿ ಮಾಡಿದ್ದು, ಅದಕ್ಕೆ ಬೇರೆ ದುಡ್ಡಿಲ್ಲ. ಒಂದು ತೊಡಕು ಹೇಳ್ಬೇಕು, ಗೂಗಲ್ ಫಾರ್ಮ್‌ಲಿ ಫೈಲ್ ಅಪ್‌ಲೋಡ್ ಮಾಡೋಕೆ ಜಿಮೇಲ್‌ಲಿ ಲಾಗಿನ್ ಆಗಿರ್ಲೇಬೇಕು, ನಮ್ಮ ಅರ್ಧಕ್ಕರ್ಧ ಪಾರ್ಟಿಗಳು ಅಲ್ಲೇ ನಿಲ್ತಾರೆ. ಅದಕ್ಕೆ ಪ್ರಶ್ನೆಗಳು ಮಾತ್ರ ಫಾರ್ಮ್‌ಲಿ, ಕಾಗದನ ಅಪ್‌ಲೋಡ್ ಮಾಡೋಕೆ ಬಂದ್ರೆ ಮಾಡ್ಬಹುದು ಇಲ್ಲಾಂದ್ರೆ ನಮ್ಮ ಹುಡುಗ ಅಂಗಡಿಗೇ ಹೋಗಿ ಸ್ಕ್ಯಾನ್ ಮಾಡ್ಕೊಂಡು ಬರ್ತಾನೆ. ಬಹಳ ಮನೆಗಳಲ್ಲಿ ಫಾರ್ಮ್ ತುಂಬೋದು ಪಿಯುಸಿ ಓದೋ ಮಗಳೋ ಮಗನೋ, ಅದು ಒಳ್ಳೇದೇ, ಅಪ್ಪನ ವ್ಯಾಪಾರ ಏನು ಅಂತ ಮಕ್ಕಳಿಗೂ ಗೊತ್ತಾಗುತ್ತೆ.

ವಾಟ್ಸಪ್ ಬಗ್ಗೆನೂ ಒಂದು ಮಾತು. ಫ್ರೀ ಇರೋ ವಾಟ್ಸಪ್ ಬಿಸಿನೆಸ್ ಆ್ಯಪ್‌ಲಿ ಸ್ವಾಗತದ ಮೆಸೇಜು, ಸಿದ್ಧ ಉತ್ತರ, ಲೇಬಲ್ ಇಷ್ಟು ಸಿಗುತ್ತೆ, ಸಣ್ಣ ಆಫೀಸಿಗೆ ಅಷ್ಟೇ ಸಾಕು. ವಾಟ್ಸಪ್‌ಲೇ ತಾನಾಗೇ ಜ್ಞಾಪನೆ ಹೋಗ್ಬೇಕು ಅಂದ್ರೆ ಅದಕ್ಕೆ ಬೇರೆ ವ್ಯವಸ್ಥೆ ಇದೆ, ದುಡ್ಡು ಕಟ್ಬೇಕು. ಇವೆರಡೂ ಬಿಟ್ಟು, ಕಂಪ್ಯೂಟರ್‌ಗೆ ಹಾಕಿ ಸಾವಿರಾರು ಮೆಸೇಜ್ ಒಟ್ಟಿಗೆ ಕಳಿಸ್ಬಹುದು ಅಂತ ಕಡಿಮೆ ದುಡ್ಡಿಗೆ ಮಾರೋ ಟೂಲ್‌ಗಳನ್ನ ನಂಬ್ಬೇಡಿ, ನಂಬರೇ ಬ್ಲಾಕ್ ಆಗುತ್ತೆ, ಎಲ್ಲಾ ಪಾರ್ಟಿಗಳ ಹತ್ರ ಇರೋ ನಂಬರ್ ಹೋದ್ರೆ ಏನು ಗತಿ. ಮತ್ತೆ ಜ್ಞಾಪನೆ ಕಳಿಸೋ ಹೊತ್ತು ನೋಡ್ಕೊಳಿ, ಸಂಜೆ ಆರರ ಮೇಲೆ ಅಂಗಡಿಯವ್ರಿಗೆ ಉಸಿರಾಡೋಕೆ ಪುರುಸೊತ್ತಿರಲ್ಲ, ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಹೋದ ಮೆಸೇಜ್‌ಗೆ ಉತ್ತರ ಬರುತ್ತೆ. ಹಬ್ಬದ ಹಿಂದಿನ ವಾರ ಕಳಿಸಲೇಬೇಡಿ.

ಈಗ ನಾನು ಈ ಪತ್ರ ಬರೆಯೋಕೆ ನಿಜವಾದ ಕಾರಣಕ್ಕೆ ಬರ್ತೀನಿ. ಹೊಸ ಪಾರ್ಟಿ ರಿಜಿಸ್ಟ್ರೇಶನ್ ಮಾಡುವಾಗ ಮೊಬೈಲ್ ನಂಬರ್, ಇಮೇಲ್ ಕೇಳುತ್ತೆ. ಅಲ್ಲಿ ಯಾರ ನಂಬರ್ ಹಾಕ್ತಾರೆ? ಎಷ್ಟೋ ಕಡೆ ಅಕೌಂಟೆಂಟ್ ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕ್ತಾರೆ. ಕೇಳಿದ್ರೆ, ಪದೇ ಪದೇ ಓಟಿಪಿಗೆ ಫೋನ್ ಮಾಡೋ ತಲೆನೋವು ಇರಲ್ಲ, ಕೆಲಸ ಬೇಗ ಆಗುತ್ತೆ ಅಂತಾರೆ. ಆದ್ರೆ ಅಲ್ಲಿಂದ ಮುಂದೆ ಆ ಅಂಗಡಿಯವ್ರ ಹೆಸರಿಗೆ ಬರೋ ಒಂದೊಂದು ನೋಟಿಸ್ಸೂ, ಒಂದೊಂದು ಎಚ್ಚರಿಕೆನೂ ಅವರಿಗೆ ತಲುಪೋದೇ ಇಲ್ಲ. ಅಕೌಂಟೆಂಟ್ ರಿಟರ್ನ್ (ಇಲಾಖೆಗೆ ಕೊಡೋ ತೆರಿಗೆ ಲೆಕ್ಕ) ಹಾಕಿದಾರೋ ಇಲ್ವೋ ಗೊತ್ತಾಗಲ್ಲ. ತಿಂಗಳ ರಿಟರ್ನ್ 20ನೇ ತಾರೀಕು ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯಾಪಾರನೇ ಇಲ್ಲದ ತಿಂಗಳಾದ್ರೂ ದಿನಕ್ಕೆ 20, ತೆರಿಗೆ ಬಾಕಿ ಇದ್ರೆ ಅದ್ರ ಮೇಲೆ ಬಡ್ಡಿ ಬೇರೆ. ಹಂಗೇ ಬಿಟ್ರೆ ಇಲಾಖೆ ರಿಜಿಸ್ಟ್ರೇಶನ್ನೇ ರದ್ದು ಮಾಡುತ್ತೆ. ನಮ್ಮಲ್ಲಿಗೆ ಬಂದ ಒಬ್ಬ ಬಟ್ಟೆ ಅಂಗಡಿಯವ್ರಿಗೆ ತಮ್ಮ ಜಿಎಸ್‌ಟಿ ನಂಬರ್ ರದ್ದಾಗಿರೋದು ಗೊತ್ತಾಗಿದ್ದು ಮಾಲು ಕಳಿಸೋ ಹೋಲ್‌ಸೇಲ್‌ನವ್ರು ಹೇಳಿದ್ಮೇಲೆ. ಅಲ್ಲೀವರ್ಗೂ ಪ್ರತಿ ತಿಂಗಳು ಫೀಸು ತಪ್ಪದೇ ಕೊಟ್ಕೊಂಡು ಬಂದಿದ್ರು ಪಾಪ. ಪಾಸ್‌ವರ್ಡ್ ಕೇಳಿದ್ರೆ ಹಳೇ ಆಫೀಸಿನವ್ರು ಫೋನ್ ಎತ್ತಲ್ಲ.

ಆಟೊಮೇಶನ್ ಬಂದ್ರೆ ಈ ಅಭ್ಯಾಸ ಇನ್ನೂ ಗಟ್ಟಿ ಆಗುತ್ತೆ ಅನ್ನೋದು ನನ್ನ ಆತಂಕ. ಯಾಕಂದ್ರೆ ಎಲ್ಲಾ ಓಟಿಪಿ ಒಂದೇ ನಂಬರ್‌ಗೆ ಬಂದ್ರೆ ಎಲ್ಲಾ ಸಲೀಸು, ಕಂಪ್ಯೂಟರೇ ತೆಗ್ದು ತುಂಬಿಬಿಡುತ್ತೆ, ಪಾರ್ಟಿಯ ಅವಶ್ಯಕತೆನೇ ಇರಲ್ಲ. ಆ ಸಲೀಸು ಬೇಡ ಅಂತೀನಿ. ನಮ್ಮ ಫಾರ್ಮ್‌ಲಿ ಆಫೀಸಿನ ನಂಬರ್ ಹಾಕಿದ್ರೆ ತಗೊಳ್ಳದೇ ಇರೋ ಹಾಗೆ ಮಾಡಿಟ್ಟಿದೀವಿ. ಇಮೇಲ್ ಇಲ್ಲದಿದ್ರೆ, ಅಥ್ವಾ ಮೊಬೈಲ್ ಅಂಗಡಿಯವ ಫೋನ್ ಕೊಡುವಾಗ ಮಾಡಿಕೊಟ್ಟ ಪಾಸ್‌ವರ್ಡ್ ಗೊತ್ತಿಲ್ಲದ ಜಿಮೇಲ್ ಆಗಿದ್ರೆ, ಮೊದಲು ಅದನ್ನ ಸರಿ ಮಾಡ್ತೀವಿ, ಅವರ ಫೋನ್‌ಲೇ, ಅವರ ಕೈಯಲ್ಲೇ, ಪಾಸ್‌ವರ್ಡ್ ಅವರೇ ಬರ್ಕೊಂಡು ಮನೇಲಿ ಇಟ್ಕೊಳ್ಳೋ ಹಾಗೆ. ಇದಕ್ಕೆ ಅರ್ಧ ಗಂಟೆ ಹೋಗುತ್ತೆ, ಹೋಗ್ಲಿ. ಕಾಗದ ಕೇಳೋ ಕೆಲಸದಲ್ಲಿ ಉಳಿದ ಟೈಮ್ ಇದಕ್ಕಲ್ದೆ ಇನ್ಯಾತಕ್ಕೆ?

ಓಟಿಪಿ ವಿಷಯ ಇನ್ನೂ ಸೂಕ್ಷ್ಮ. ಯಾರಿಗೂ ಓಟಿಪಿ ಹೇಳ್ಬೇಡಿ ಅಂತ ಬ್ಯಾಂಕು, ಪೊಲೀಸು, ಟೀವಿ ಎಲ್ಲಾ ಬಡ್ಕೊಳ್ತಿದ್ದಾರೆ, ಮೋಸ ಹೋದ್ರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತಾರೆ. ಇನ್ನೊಂದು ಕಡೆ ನಮ್ಮಂಥ ಆಫೀಸಿಂದ ಫೋನ್ ಹೋಗುತ್ತೆ, ಅಣ್ಣಾ ಒಂದು ಓಟಿಪಿ ಬಂದಿರುತ್ತೆ ಬೇಗ ಹೇಳಿ ಅಂತ. ಹೀಗೆ ತಿಂಗಳು ತಿಂಗಳು ಹೇಳಿ ಹೇಳಿ ರೂಢಿಯಾದ ಮನುಷ್ಯನಿಗೆ ನಾಳೆ ಕಳ್ಳ ಫೋನ್ ಮಾಡಿ ಜಿಎಸ್‌ಟಿ ಆಫೀಸಿಂದ ಅಂತ ಓಟಿಪಿ ಕೇಳಿದ್ರೆ ಅವನು ಹೇಳದೇ ಇರ್ತಾನಾ? ನಾವೇ ಅವನಿಗೆ ಆ ಪಾಠ ಮಾಡಿರ್ತೀವಿ. ಅದಕ್ಕೆ ನಮ್ಮಲ್ಲಿ ಹೊಸ ಪಾರ್ಟಿಗೆ ಹೋಗೋ ಮೊದಲ ಮೆಸೇಜ್‌ಲೇ ಕನ್ನಡದಲ್ಲಿ ಬರೆದಿರ್ತೀವಿ, ಯಾವ ಕೆಲಸಕ್ಕೆ ಓಟಿಪಿ ಬರುತ್ತೆ, ಬಂದಾಗ ಮೆಸೇಜ್‌ಲಿ ಏನಿರ್ಬೇಕು, ನಾವು ಫೋನ್‌ಲಿ ಕೇಳಲ್ಲ, ನೀವು ಬಂದಾಗ ನೀವೇ ಹಾಕ್ಬೇಕು ಇಲ್ಲಾ ನಾವು ನಿಮ್ಮ ಅಂಗಡಿಗೆ ಬರ್ತೀವಿ ಅಂತ. ಆಧಾರ್ ದೃಢೀಕರಣದ ಲಿಂಕ್ ಅವರ ಮೊಬೈಲ್‌ಗೇ ಬರುತ್ತೆ, ಅದನ್ನ ಅವರೇ ಒತ್ಬೇಕು. ಕೆಲವ್ರಿಗೆ ಬೆರಳಚ್ಚು ಕೊಡೋಕೆ ಜಿಎಸ್‌ಟಿ ಸೇವಾ ಕೇಂದ್ರಕ್ಕೆ ಬನ್ನಿ ಅಂತ ಬರುತ್ತೆ, ಆವಾಗ ಜೊತೆಗೆ ನಮ್ಮವ್ರೊಬ್ರು ಹೋಗ್ತಾರೆ.

ಆಧಾರ್ ಕಾಪಿ ಕಥೆನೂ ಇದೇ. ಝೆರಾಕ್ಸ್ ಅಂಗಡಿ ಕಂಪ್ಯೂಟರ್ ಡೆಸ್ಕ್‌ಟಾಪ್ ಮೇಲೆ ಊರವ್ರ ಆಧಾರ್ ಎಲ್ಲಾ ಬಿದ್ದಿರುತ್ತೆ, ಆಫೀಸುಗಳ ವಾಟ್ಸಪ್ ಗ್ರೂಪ್‌ಲಿ ಒಬ್ಬರ ಪ್ಯಾನ್ ಇನ್ನೊಬ್ಬರಿಗೆ ಕಾಣುತ್ತೆ. ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್‌ನ, ಮೊಬೈಲ್ ನಂಬರ್ ಆಧಾರ್‌ಗೆ ಜೋಡಿಸಿರೋರು ಯಾರೇ ಆದ್ರೂ ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ವೆಬ್‌ಸೈಟಿಂದ ಇಳಿಸ್ಕೋಬಹುದು, ನಮ್ಮ ಫೈಲ್‌ಗೆ ಅಷ್ಟು ಸಾಕು, ಹಾಗಂತ ಜನಕ್ಕೆ ಹೇಳೋರಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಆಗಿದೆ, ದೊಡ್ಡ ಕಂಪನಿಗಳಿಗೆ ಮಾತ್ರ ಅದು ಅಂದ್ಕೊಂಡು ಕೂರೋದು ಸರಿಯಲ್ಲ. ಕಾಗದ ಯಾಕೆ ತಗೊಳ್ತಿದೀವಿ, ಎಷ್ಟು ದಿನ ಇಟ್ಕೊಳ್ತೀವಿ, ಬಿಟ್ಟು ಹೋದ್ರೆ ಏನು ಮಾಡ್ತೀವಿ ಅಂತ ಮೂರು ಸಾಲು ಕನ್ನಡದಲ್ಲಿ ಬರೆದು ಒಪ್ಪಿಗೆ ತಗೊಳ್ಳೋದು ಫಾರ್ಮ್‌ಲಿ ಎಷ್ಟೊತ್ತಿನ ಕೆಲಸ? ನಮ್ಮ ಶೀಟ್‌ನ ಯಾರು ನೋಡ್ಬಹುದು ಅನ್ನೋದನ್ನೂ ಬಿಗಿ ಮಾಡಿದೀವಿ, ಕೆಲಸ ಬಿಟ್ಟ ಹುಡುಗನ ಲಾಗಿನ್ ಅವತ್ತೇ ತೆಗೀತೀವಿ.

ಇನ್ನೊಂದು ವಿಷಯಕ್ಕೂ ಫಾರ್ಮ್ ಕೈ ಹಾಕಬಾರ್ದು. ಕಾಂಪೋಸಿಷನ್ (ಸಣ್ಣವ್ರಿಗಿರೋ ಸರಳ ತೆರಿಗೆ ಪದ್ಧತಿ) ತಗೋಬೇಕೋ ಮಾಮೂಲಿ ರಿಜಿಸ್ಟ್ರೇಶನ್ನೋ ಅನ್ನೋದು. ವರ್ಷಕ್ಕೆ 1.5 ಕೋಟಿ ಒಳಗಿನ ವಹಿವಾಟಿನ ವ್ಯಾಪಾರಸ್ಥರು ಕಾಂಪೋಸಿಷನ್‌ಲಿ ಆ ವಹಿವಾಟಿನ ಶೇ 1 ತೆರಿಗೆ ಕಟ್ಟಿದ್ರೆ ಆಯ್ತು, ಲೆಕ್ಕ ಸುಲಭ, ಆದ್ರೆ ಗಿರಾಕಿ ಹತ್ರ ತೆರಿಗೆ ತಗೊಳ್ಳೋ ಹಾಗಿಲ್ಲ, ತಾವು ಮಾಲು ತರುವಾಗ ಕೊಟ್ಟ ತೆರಿಗೆನೂ ವಾಪಸ್ ಹಿಡಿಯೋ ಹಾಗಿಲ್ಲ. ಹಾರ್ಡ್‌ವೇರ್ ಅಂಗಡಿಯವ್ರು ಮನೆ ಕಟ್ಟೋ ಜನಕ್ಕೆ ಮಾರ್ತಾರೋ ಕಂಟ್ರಾಕ್ಟರ್‌ಗಳಿಗೆ ಮಾರ್ತಾರೋ ಅನ್ನೋದರ ಮೇಲೆ ಉತ್ತರ ಉಲ್ಟಾ ಆಗುತ್ತೆ, ಯಾಕಂದ್ರೆ ಕಂಟ್ರಾಕ್ಟರ್‌ಗೆ ತೆರಿಗೆ ಹಾಕಿದ ಬಿಲ್ಲೇ ಬೇಕು, ಇಲ್ಲಾಂದ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ. ಇದನ್ನ ಟಿಕ್ ಮಾಡೋ ಖಾನೆಯಲ್ಲಿ ಕೇಳೋದು ವೈದ್ಯರು ನಾಡಿ ಹಿಡೀದೇ ಔಷಧಿ ಬರೆದ ಹಾಗೆ. ಒಂದು ಲೋಟ ಚಹಾ ಕುಡಿಯೋ ಹೊತ್ತು ಕೂತು, ಯಾರಿಗೆ ಮಾರ್ತೀರಿ, ಮಾಲು ಎಲ್ಲಿಂದ ತರ್ತೀರಿ, ಮುಂದಿನ ವರ್ಷ ಏನು ಅಂದ್ಕೊಂಡಿದೀರಿ ಅಂತ ಕೇಳ್ಬೇಕು. ಸಣ್ಣ ಉದ್ಯಮಗಳಿಗಿರೋ ಉದ್ಯಮ್ ನೋಂದಣಿಗೆ ಸರ್ಕಾರಿ ಸೈಟ್‌ಲಿ ಒಂದು ಪೈಸೆನೂ ಇಲ್ಲ, ಆದ್ರೂ ಸರ್ಕಾರಿ ಸೈಟ್ ಥರನೇ ಕಾಣೋ ಖಾಸಗಿ ಸೈಟ್‌ಲಿ ದುಡ್ಡು ಕಟ್ಟಿ ಬಂದಿರ್ತಾರೆ, ಅಂಥದ್ದೂ ಮಾತಾಡ್ತಾ ಕೂತಾಗ್ಲೇ ಹೊರಗೆ ಬರೋದು.

ಕೊನೆಗೆ ನನ್ನ ಮನವಿ. ನಮ್ಮೂರಲ್ಲೇ ಯುಬಿಡಿಟಿ, ಬಿಐಇಟಿ ಅಂಥ ಎಂಜಿನಿಯರಿಂಗ್ ಕಾಲೇಜುಗಳಿವೆ, ರಾಜ್ಯದ ಹೆಚ್ಚು ಕಡಿಮೆ ಎಲ್ಲಾ ಜಿಲ್ಲೆಯಲ್ಲೂ ಇವೆ, ಪ್ರತಿ ವರ್ಷ ಮಕ್ಕಳು ಪ್ರಾಜೆಕ್ಟ್ ಮಾಡ್ತಾರೆ. ಒಬ್ಬೊಬ್ಬರು ಒಂದು ಸಣ್ಣ ಆಫೀಸೋ, ಅಂಗಡಿಯೋ, ಟ್ಯೂಷನ್ ಸೆಂಟರೋ, ಫೋಟೊ ಸ್ಟುಡಿಯೋನೋ ಹಿಡ್ಕೊಂಡು ಹೊಸ ಗಿರಾಕಿ ಬಂದಾಗ ಆಗೋ ಕೆಲಸನ ಕನ್ನಡದಲ್ಲಿ ಹೀಗೆ ಕಟ್ಟಿಕೊಟ್ರೆ ಅವರಿಗೂ ನಿಜವಾದ ಕೆಲಸ ಕಲಿತ ಹಾಗಾಗುತ್ತೆ. ವರ್ತಕರ ಸಂಘಗಳು, ಜಿಲ್ಲಾ ಕೈಗಾರಿಕಾ ಕೇಂದ್ರಗಳು ಇದಕ್ಕೆ ಜೋಡಿಸ್ಕೊಡೋ ಕೆಲಸ ಮಾಡ್ಬೇಕು. ವಾಣಿಜ್ಯ ತೆರಿಗೆ ಇಲಾಖೆಯವ್ರು ಹೊಸದಾಗಿ ನೋಂದಣಿ ಆದ ಪ್ರತಿಯೊಬ್ಬರಿಗೂ ಅವರದ್ದೇ ನಂಬರ್‌ಗೆ ಒಂದು ಫೋನ್ ಮಾಡಿ, ನಿಮ್ಮ ಖಾತೆ ಇದು, ರಿಟರ್ನ್ ತಾರೀಕು ಇದು ಅಂತ ಕನ್ನಡದಲ್ಲಿ ಹೇಳಿದ್ರೆ, ಆ ನಂಬರ್ ಅಂಗಡಿಯವ್ರದ್ದೋ ಅಕೌಂಟೆಂಟ್‌ದೋ ಅನ್ನೋದೂ ಅವತ್ತೇ ಗೊತ್ತಾಗುತ್ತೆ.

ಮತ್ತೆ ನಿಮ್ಮ ಓದುಗರಲ್ಲಿ ಜಿಎಸ್‌ಟಿ ನಂಬರ್ ಇರೋ ಅಂಗಡಿಯವ್ರು ಯಾರಿದ್ರೂ ಈ ವಾರವೇ ನಿಮ್ಮ ಅಕೌಂಟೆಂಟ್ ಹತ್ರ ಹೋಗಿ ಕೇಳಿ, ಪೋರ್ಟಲ್‌ಲಿ ಯಾರ ಮೊಬೈಲ್ ಇದೆ, ಯಾರ ಇಮೇಲ್ ಇದೆ, ಯೂಸರ್ ಐಡಿ ಪಾಸ್‌ವರ್ಡ್ ನನಗೆ ಬರೆದು ಕೊಡಿ ಅಂತ. ಬೇರೆಯವ್ರದ್ದಿದ್ರೆ ತಿದ್ದುಪಡಿ ಅರ್ಜಿ ಹಾಕಿ ಬದಲಾಯಿಸ್ಬಹುದು, ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ.

ಇಂತಿ,
ಒಬ್ಬ ಜಿಎಸ್‌ಟಿ ಪ್ರಾಕ್ಟೀಷನರ್,
ದಾವಣಗೆರೆ